ಲೆಂಟ್‌ನಲ್ಲಿ ಬೈಗುಳ ಬಿಟ್ಟ ರೂತಮ್ಮ

ರೂತಮ್ಮನ ಬೈಗುಳ ಕೇಳಲೆಂದೇ ನಮ್ಮ ಬೀದಿಯ ತರಕಾರಿ ಗಾಡಿಯವನು ಅವರ ಮನೆ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಸೊಪ್ಪು ಬಾಡಿದ್ದರೆ ಅವರು ಸೊಪ್ಪಿಗೆ ಬೈಯುತ್ತಿರಲಿಲ್ಲ, ಅವನ ತಲೆಗೆ ಬೈಯುತ್ತಿದ್ದರು. “ಹೇನು ಕೂಡ ಬಾಡಿಗೆಗೆ ಬರದ ತಲೆ ಕಣೋ ನಿಂದು” ಎಂದು ಕನ್ನಡದಲ್ಲಿ ಹೇಳಿ, ಅವನಿಗೆ ಅರ್ಥವಾಗಲಿ ಎಂದು ಅದನ್ನೇ ತಮಿಳಿನಲ್ಲಿ ಇನ್ನಷ್ಟು ಕೆಡಿಸಿ ಹೇಳುತ್ತಿದ್ದರು. ಜೀವಮಾನವೆಲ್ಲ ತಲೆಗಳ ಕೆಲಸವನ್ನೇ ಮಾಡಿದವರು ಅವರು. ಕನ್ನಡ ಸಿನಿಮಾಗಳು ನಮ್ಮ ಈ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ, ಸೆಟ್ಟುಗಳಿಗೆ ಮರಗೆಲಸ ಮಾಡುತ್ತಿದ್ದ ಅಪ್ಪನ ಜೊತೆ ತುಮಕೂರು ಕಡೆಯಿಂದ ಬಂದು, ನಾಯಕಿಯರಿಗೆ ಜಡೆ ಹೆಣೆಯುವ ಹೇರ್ ಡ್ರೆಸ್ಸರ್ ಆಗಿದ್ದರು. ಆಮೇಲೆ ಸಿನಿಮಾಗಳು ಬೆಂಗಳೂರಿಗೆ ಹೋದವು, ರೂತಮ್ಮ ಹೋಗಲಿಲ್ಲ. “ಅವು ಹೋಗುವಾಗ ನನ್ನ ಒಂದು ಮಾತು ಕೇಳಿದ್ವಾ?” ಎನ್ನುತ್ತಿದ್ದರು.

ನಾನು ಅವರ ಮೇಲಿನ ಮನೆಗೆ ಬಾಡಿಗೆಗೆ ಬಂದ ಹೊಸತು. ಪೋರೂರಿನ ಆಫೀಸಿನಿಂದ ಬಂದು, ಮೆಟ್ಟಿಲ ಮೇಲೆ ನಿಂತು, ಮೊಬೈಲಿನಲ್ಲಿ ನಮ್ಮಮ್ಮನ ಜೊತೆ ಜಗಳವಾಡುತ್ತಿದ್ದೆ. ಬಾಗಿಲು ತೆರೆಯಿತು.

“ಯಾವೂರಮ್ಮ ನಿಂದು?”

“ಮಂಡ್ಯ.”

“ಅದಕ್ಕೇ ಮತ್ತೆ, ಮಾತು ಇಷ್ಟು ನೇರವಾಗಿದೆ. ಒಳಗೆ ಬಾ, ಕಾಫಿ ಕುಡಿ. ಅಮ್ಮನ್ನ ಆಮೇಲೆ ಬೈಯುವಂತೆ.”

ಇಂಥ ರೂತಮ್ಮ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಬೈಯುವುದನ್ನು ಪೂರ್ತಿ ಬಿಟ್ಟುಬಿಡುತ್ತಿದ್ದರು. ಬೇರೆ ಕ್ರೈಸ್ತರು ಈ ಲೆಂಟ್ ಉಪವಾಸದ ಕಾಲದಲ್ಲಿ ಮಾಂಸ ಬಿಡುತ್ತಾರೆ, ಸಿಹಿ ಬಿಡುತ್ತಾರೆ. ರೂತಮ್ಮನಿಗೆ ಅದೆಲ್ಲ ನಗೆಪಾಟಲು. “ಮೀನು ಬಿಟ್ಟರೆ ಮೀನಿಗೆ ಲಾಭ. ನಾನು ಬೈಯೋದು ಬಿಟ್ಟರೆ ಕರ್ತನಿಗೆ ಗೊತ್ತಾಗುತ್ತೆ ಇವಳು ಏನೋ ಕೊಟ್ಟಳು ಅಂತ.” ಆ ದಿನಗಳಲ್ಲಿ ಅವರ ಮುಖ ಹಲ್ಲುನೋವಿನವರ ಮುಖದಂತೆ ಇರುತ್ತಿತ್ತು. ತರಕಾರಿಯವನಂತೂ ನಿಂತು ನಿಂತು, ಸಪ್ಪೆಮೋರೆ ಹಾಕಿಕೊಂಡು ಮುಂದೆ ಹೋಗುತ್ತಿದ್ದ.

ಲೆಂಟ್‌ನ ಶುಕ್ರವಾರಗಳಲ್ಲಿ ಸಂಜೆ ಅವರ ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಭಕ್ತಿಯಿಂದಲ್ಲ, ಕೊನೆಗೆ ಕೊಡುತ್ತಿದ್ದ ಒಣಶುಂಠಿಯ ಸುಕ್ಕು ಕಾಫಿ ಮತ್ತು ಸುಂಡಲ್ ಎಂಬ ಕಡಲೆ ಉಸಲಿಗಾಗಿ. ಅದೂ ಪೂರ್ತಿ ನಿಜವಲ್ಲ. ದೇವರನ್ನು ಯಾರಾದರೂ ಹಾಗೆ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. “ಕರ್ತನೇ, ನನ್ನ ಮಂಡಿನೋವಿನ ವಿಷಯ ಹೋದ ವರ್ಷವೇ ಹೇಳಿದ್ದೆ. ಮರೆತಿದ್ದರೆ ಇನ್ನೊಂದು ಸಲ ಹೇಳ್ತೀನಿ, ಎಡಗಡೇದು. ಈ ಮೇಲ್ಮನೆ ಹುಡುಗಿ ನಿನ್ನ ನಂಬಲ್ಲ, ಕಡಲೆ ನಂಬಿಕೊಂಡು ಬಂದಿದ್ದಾಳೆ. ಬಂದಿದ್ದಾಳಲ್ಲ, ಅವಳ ಮ್ಯಾನೇಜರನಿಗೆ ಒಂಚೂರು ಬುದ್ಧಿ ಕೊಡು.” ನಾನು ನಗು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದೆ.

ಒಂದು ವರ್ಷ ಲೆಂಟ್‌ನಲ್ಲಿ ಹೀಗೇ ಕೂತಿದ್ದಾಗ, ಸೆಕೆಗೆಂದು ತೆರೆದಿಟ್ಟ ಬಾಗಿಲಲ್ಲಿ ಮೂವರು ಗಂಡಸರು ಬಂದು ನಿಂತರು. ಮುಂದಿದ್ದವನು ಸೆಂದಿಲ್, ನಮ್ಮ ಬೀದಿಗೆಲ್ಲ ಕುಡಿಯುವ ನೀರಿನ ಕ್ಯಾನ್ ಹಾಕುವವನು. ಹಿಂದಿದ್ದವನೊಬ್ಬ ಮೊಬೈಲ್ ಎತ್ತಿ ಹಿಡಿದು ವಿಡಿಯೋ ತೆಗೆಯುತ್ತಿದ್ದ.

“ಇಂಗೆ ಎನ್ನ ನಡಕ್ಕುದು?” ಎಂದ ಸೆಂದಿಲ್, ಇಲ್ಲೇನು ನಡೆಯುತ್ತಿದೆ ಎಂದು. ಆಮೇಲೆ ನನ್ನ ಹಣೆಯ ಕುಂಕುಮ ನೋಡಿ, ಜನರನ್ನು ಮತಾಂತರ ಮಾಡುತ್ತಿದ್ದೀರಾ, ಈಯಮ್ಮನಿಗೆ ಏನು ಕೊಡುತ್ತೀರಿ ಎಂದು ಕೇಳಿದ.

“ಸುಕ್ಕು ಕಾಫಿ” ಎಂದೆ ನಾನು. ಸತ್ಯವನ್ನೇ ಹೇಳಿದರೂ ಅದು ಕೊಬ್ಬಿನ ಮಾತಿನಂತೆ ಕೇಳಿಸಿತು. ಅವನ ಮುಖ ಕೆಂಪಾಯಿತು.

ಎಲ್ಲರೂ ರೂತಮ್ಮನನ್ನೇ ನೋಡಿದೆವು. ಅವರ ತುಟಿ ಅಲುಗುತ್ತಿತ್ತು. ಸೆಂದಿಲನ ಬಕ್ಕತಲೆ ಅವರ ಕಣ್ಣೆದುರಿಗೇ ಇತ್ತು. ಅಂಥ ತಲೆ ಎದುರಿಗಿದ್ದೂ ಸುಮ್ಮನಿರುವುದು ಅವರಿಗೆ ಎಂಥ ಕಷ್ಟ ಎಂದು ನಮಗೆಲ್ಲ ಗೊತ್ತಿತ್ತು. ರೂತಮ್ಮ ಕಣ್ಣು ಮುಚ್ಚಿಕೊಂಡರು. ಅವನಿಗೂ ತಿಳಿಯಲಿ ಎಂದು ತಮಿಳಿನಲ್ಲೇ ಶುರು ಮಾಡಿದರು. ಕರ್ತನೇ, ಸೆಂದಿಲ್ ಬಂದಿದ್ದಾನೆ. ಅವನ ಹೊಟ್ಟೆಯ ಹುಣ್ಣು ವಾಸಿ ಮಾಡು, ಪಾಪ, ಬರೀ ಇಡ್ಲಿ ತಿಂದುಕೊಂಡಿದ್ದಾನೆ. ಅವನ ಹೆಂಡತಿಗೆ ತಾಳ್ಮೆ ಕೊಡು, ಅವಳಿಗೆ ಜಾಸ್ತಿ ಬೇಕು.

ವಿಡಿಯೋದವನು ಕಿಸಕ್ಕೆಂದ. ಅದೇ ಕೆಟ್ಟದ್ದಾಯಿತು. ಸೆಂದಿಲ್ ಹೊರಗೆ ಹೋಗಿ, ಬಾಗಿಲಲ್ಲಿ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನೆಲ್ಲ ಒಂದೊಂದಾಗಿ ಚರಂಡಿಗೆ ಒದ್ದ. ಇನ್ನೊಂದು ಶುಕ್ರವಾರ ಇದು ನಡೆದರೆ ಚಪ್ಪಲಿಯ ಜೊತೆ ನೀವೂ ಅಲ್ಲೇ ಬೀಳುತ್ತೀರಿ ಎಂದು ಹೇಳಿ ಹೋದ. ಹೆಂಗಸರು ಅಳುತ್ತಾ ಬರಿಗಾಲಲ್ಲಿ ಮನೆಗೆ ಹೋದರು.

ರೂತಮ್ಮ ಪರದೆಯ ಕೋಲು ತಂದು ಚಪ್ಪಲಿಗಳನ್ನು ಚರಂಡಿಯಿಂದ ಎತ್ತಿ, ಸೋಪು ಹಾಕಿ ತೊಳೆದು, ಮೆಟ್ಟಿಲ ಮೇಲೆ ಒಣಗಲು ಸಾಲಾಗಿ ಇಟ್ಟರು. ಆಮೇಲೆ ಒಣಗಲು ಇಟ್ಟದ್ದನ್ನೇ ಎತ್ತಿ ಮತ್ತೆ ತೊಳೆದರು. ಹೆದರಬೇಡಿ ಎಂದು ನಾನು ಪಕ್ಕದಲ್ಲಿ ಕೂತೆ.

“ಹೆದರಿಕೆಯಲ್ಲ ಕಣೇ” ಎಂದರು. “ಅವರು ಬಂದು ಕೂಗಾಡಿದ್ದು ಒಂದು ಹಿಂಸೇನಾ? ಬಾಯಿ ತುಂಬ ಮಾತಿತ್ತು, ಒಂದೂ ಆಡಲಿಲ್ಲ. ಅದೆಲ್ಲ ಒಳಗೇ ಕೊಳೀತಿದೆ. ಅದು ಹಿಂಸೆ.”

ಮರುದಿನದಿಂದ ಅವರಿಗೆ ನೀರಿನ ಕ್ಯಾನ್ ಬರಲಿಲ್ಲ. ಬೋರಿನ ನೀರು ಉಪ್ಪು. ನಾನು ನಮ್ಮ ಮನೆಯ ಕ್ಯಾನಿನಿಂದ ಕೊಡದಲ್ಲಿ ಇಳಿಸಿಕೊಡುತ್ತಿದ್ದೆ. ಮನೆ ಓನರ್ ಬಂದು, ಒಳ್ಳೆಯ ಮನುಷ್ಯನೇ, ನೆಲ ನೋಡುತ್ತಾ, “ಅಮ್ಮಾ, ಪ್ರಚನೆ ವೇಂಡಾಂ”, ತಕರಾರು ಬೇಡ ಎಂದು, ವರ್ಷ ಮುಗಿದ ಮೇಲೆ ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳಿಹೋದರು.

ಮುಂದಿನ ಶುಕ್ರವಾರ ಯಾರೂ ಬರಲಿಲ್ಲ. ನಾನು ಕೆಳಗೆ ಹೋದಾಗ ರೂತಮ್ಮ ಬಾಗಿಲು ತೆರೆದಿಟ್ಟುಕೊಂಡು ಒಬ್ಬರೇ ಕೂತಿದ್ದರು.

“ಸುಂಡಲ್ ಮಾಡಿಲ್ಲ ಇವತ್ತು” ಎಂದರು. “ತಿನ್ನೋಕೆ ಜನ ಎಲ್ಲಿದ್ದಾರೆ?”

“ಸುಮ್ಮನೆ ಕೂತಿರ್ತೀನಿ ಬಿಡಿ ರೂತಮ್ಮ.”

“ಚಪ್ಪಲಿ ಒಳಗಿಡು, ಮತ್ತೆ.”

ಪ್ರಾರ್ಥನೆಗೆ ಮೊದಲು ಎರಡು ಸಲ ಎದ್ದು ಹೋಗಿ ಬೀದಿ ನೋಡಿ ಬಂದರು. ಕೊನೆಗೆ ಕನ್ನಡದಲ್ಲಿ ಹೇಳಿದರು. “ಕರ್ತನೇ, ಸೆಂದಿಲನ್ನ ಕ್ಷಮಿಸು. ನಾನು ಕ್ಷಮಿಸಿಲ್ಲ. ನಿನ್ನ ಹತ್ತಿರ ಸುಳ್ಳು ಹೇಳಿ ಏನು ಬರುತ್ತೆ? ನೀನು ಮೊದಲು ಶುರು ಮಾಡು. ನಾನು ಹಿಂದೆ ಬರ್ತೀನಿ, ನಿಧಾನಕ್ಕೆ. ಮಂಡಿನೋವು ನಿನಗೆ ಗೊತ್ತೇ ಇದೆ.” ಈ ಸಲ ನನಗೆ ನಗು ಬರಲಿಲ್ಲ.

ಉಳಿದ ಶುಕ್ರವಾರಗಳೂ ಹೀಗೇ ನಾವಿಬ್ಬರೇ. ಸೆಂದಿಲ್ ಬಾಗಿಲ ಮುಂದೆ ಬೈಕಿನಲ್ಲಿ ನಿಧಾನವಾಗಿ ಹಾದುಹೋಗುತ್ತಿದ್ದ, ನಿಲ್ಲುತ್ತಿರಲಿಲ್ಲ.

ಈಸ್ಟರ್ ದಿನ ಮುಂಜಾನೆಯ ಆರಾಧನೆ ಮುಗಿಸಿಕೊಂಡು ರೂತಮ್ಮ ಹೊಸ ಸೀರೆಯಲ್ಲಿ ನೇರವಾಗಿ ಸೆಂದಿಲನ ಅಂಗಡಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಅಂಗಡಿಯ ಮುಂದೆ ನಿಂತು ಅವರು ಬೈದ ಬೈಗುಳ ಅಪ್ಪಟ ಕನ್ನಡದ್ದು. ತಲೆಯಿಂದ ಹಿಡಿದು ಹಿಮ್ಮಡಿಯವರೆಗೆ ಏನನ್ನೂ ಬಿಡಲಿಲ್ಲ. ತರಕಾರಿಯವನು ಗಾಡಿ ನಿಲ್ಲಿಸಿ ಮಂತ್ರಮುಗ್ಧನಾಗಿ ನೋಡುತ್ತಿದ್ದ. ಮುಗಿದ ಮೇಲೆ ಸೆಂದಿಲ್ ಕಕ್ಕಾಬಿಕ್ಕಿಯಾಗಿ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ.

“ಈಸ್ಟರ್ ಹಬ್ಬದ ಶುಭಾಶಯ ಹೇಳ್ತಿದ್ದಾರೆ” ಎಂದೆ ತಮಿಳಿನಲ್ಲಿ.

ಅವನು ನಂಬಲಿಲ್ಲ. ಆದರೂ “ಸರಿ” ಎಂದ. ನೀರಿನ ಕ್ಯಾನ್ ಮಾತ್ರ ಆಮೇಲೂ ಬರಲಿಲ್ಲ.

ಆ ವರ್ಷದ ಕೊನೆಗೆ ರೂತಮ್ಮ ಮನೆ ಖಾಲಿ ಮಾಡಿ ಪೋರೂರಿನಲ್ಲಿದ್ದ ತಂಗಿಯ ಮಗಳ ಮನೆಗೆ ಹೋದರು. ಅಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು, ಆಸ್ಪತ್ರೆಯಲ್ಲಿದ್ದಾಗ ಎದೆಗೆ ಕಫ ಕಟ್ಟಿತು. ನಾನು ಆಫೀಸಿನಿಂದ ನೇರ ನೋಡಲು ಹೋದೆ. ಕೃಶವಾಗಿಬಿಟ್ಟಿದ್ದರು.

“ನನಗೆ ಉಸಿರು ಸಾಲ್ತಾ ಇಲ್ಲ. ಇವತ್ತು ನೀನು ಪ್ರಾರ್ಥನೆ ಮಾಡು” ಎಂದರು.

“ನನಗೆ ಬರಲ್ಲ ರೂತಮ್ಮ.”

“ಬರೋರು ಯಾರಿದ್ದಾರೆ? ಇರೋದು ಹೇಳು.”

ನಾನು ಅವರ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕರ್ತನೇ ಎನ್ನಲು ಸಂಕೋಚವಾಗಿ, “ನೋಡಿ ಸ್ವಾಮಿ” ಎಂದು ಶುರು ಮಾಡಿದೆ. ಪರಿಚಯವಿಲ್ಲದವರಲ್ಲಿ ಸಹಾಯ ಕೇಳಲು ಬಂದಿದ್ದೇನೆ ಎಂದೆ. ಆಸ್ಪತ್ರೆಯ ಈ ಗಂಜಿ ಇವರಿಗೆ ಸೇರುವುದಿಲ್ಲ ಎಂದೆ. ಕೋಡಂಬಾಕ್ಕಂನ ಆ ಮನೆಗೆ ಈಗ ಯಾರೋ ಬಂದಿದ್ದಾರೆ, ಬಾಗಿಲು ಯಾವಾಗಲೂ ಮುಚ್ಚಿಕೊಂಡೇ ಇರುತ್ತಾರೆ, ನನಗೆ ಮಾತಿಗೆ ಜನವಿಲ್ಲ ಎಂದೆ. ಇವರನ್ನು ಕರೆದುಕೊಂಡು ಹೋಗುವ ಆಲೋಚನೆಯಿದ್ದರೆ ದಯವಿಟ್ಟು ಇನ್ನೊಂದು ಸಲ ಯೋಚಿಸಿ ಎಂದೆ.

ಕಣ್ಣು ತೆರೆದಾಗ ಅವರಿಗೆ ನಿದ್ದೆ ಬಂದಿತ್ತು. ಆಮೆನ್ ಹೇಳಿದರೆ ಎಚ್ಚರವಾದೀತೆಂದು ಹೇಳಲಿಲ್ಲ, ಕೈ ಬಿಡಿಸಿಕೊಂಡು ಎದ್ದುಬಂದೆ. ಆ ವಾರವೇ ಅವರು ಹೋದರು. ನನ್ನ ಪ್ರಾರ್ಥನೆ ಇನ್ನೂ ಮುಗಿದಿಲ್ಲ.