ಕೊನೆಯ ಸೈಟಿನ ಮನೆ

ಜನರ ದಾರಿಗೆ ಗೋಡೆ ಕಟ್ಟಿದ ಮಹಾನುಭಾವರಲ್ಲಿ ನಾನೂ ಒಬ್ಬ. ಹಾಗೆಂದು ಒಪ್ಪಿಕೊಳ್ಳಲು ಈಗ ಸ್ವಲ್ಪ ನಾಚಿಕೆ. ಆಗ ಹೆಮ್ಮೆಯೇ ಇತ್ತು.

ನಾನು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಅಲ್ಲಿ ಯಾವ ಓಣಿಗೆ ನುಗ್ಗಿದರೂ ಅದು ಇನ್ನೊಂದಕ್ಕೆ ಒಯ್ದು ಸೇರಿಸುತ್ತಿತ್ತು. ಎದುರಿಗೆ ಲೆಕ್ಕದ ಮೇಷ್ಟ್ರು ಕಂಡರೆ ಸಂದಿಯಲ್ಲಿ ಜಾರಿ, ಯಾರದೋ ಹಿತ್ತಿಲು ದಾಟಿ, ಅವರಿಗಿಂತ ಮೊದಲೇ ಶಾಲೆ ಸೇರುತ್ತಿದ್ದೆ. ಮುಂದೆ ನಾನೇ ಮೇಷ್ಟ್ರಾಗಿ ತುಮಕೂರಿಗೆ ಬಂದೆ. ಎಪ್ಪತ್ತರ ದಶಕದ ಕೊನೆ. ಊರಾಚೆಯ ರಾಗಿ ಹೊಲಗಳೆಲ್ಲ ಬಡಾವಣೆಗಳಾಗುತ್ತಿದ್ದವು. ಒಬ್ಬೊಬ್ಬರು ತಮ್ಮ ಹೊಲದ ಮಟ್ಟಿಗೆ ರಸ್ತೆ ಎಳೆಸಿದರು. ಪಕ್ಕದವರ ರಸ್ತೆ ಎಲ್ಲಿದೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ನಮ್ಮ ರಸ್ತೆ ನನ್ನ ಸೈಟಿಗೆ ಬಂದು ನಿಂತುಬಿಟ್ಟಿತು. ಅದರ ಬೆನ್ನಿಗೇ ಇನ್ನೊಂದು ಬಡಾವಣೆ. ಆ ಕಡೆಯವರು ಬಸ್ಸಿಗೆ ಹೋಗಲು ನನ್ನ ಖಾಲಿ ಸೈಟನ್ನೇ ತುಳಿಯುತ್ತಿದ್ದರು.

ಮನೆ ಕಟ್ಟಿದವನೇ ಸುತ್ತ ಕಾಂಪೌಂಡ್ ಎತ್ತಿಸಿದೆ. ಆ ಬಡಾವಣೆಯಲ್ಲಿ ಹಸು ಕಟ್ಟಿಕೊಂಡು ನಮಗೆ ಹಾಲು ಹಾಕುತ್ತಿದ್ದ ಹೆಬ್ಬೂರಿನ ಪುಟ್ಟಮ್ಮ ರೇಗಿದಳು: "ಏನ್ ಮೇಷ್ಟ್ರೇ, ಓಡಾಡೋ ದಾರೀಗೇ ಗೋಡೆ ಕಟ್ಬುಟ್ರಲ್ಲ!"

"ಪ್ಲಾನಲ್ಲಿ ದಾರಿ ಇಲ್ಲ ಕಣಮ್ಮ," ಎಂದೆ, ಪ್ಲಾನ್ ಬರೆದವನು ನಾನೇ ಎಂಬಂತೆ.

ನನ್ನ ಹೆಂಡತಿ ಕಮಲಾ ಆಗ ತುಂಬು ಗರ್ಭಿಣಿ. ಒಂದು ಭಾನುವಾರ ಬೆಳಗಿನಿಂದ ಸೊಂಟನೋವು ಎನ್ನುತ್ತಿದ್ದವಳು ಮಧ್ಯಾಹ್ನ ಇದ್ದಕ್ಕಿದ್ದಂತೆ ಕುಸಿದು ಕೂತಳು. ಕರೆದರೆ ಆಟೋ ಬರುವ ಜಾಗವಲ್ಲ. ನಮ್ಮ ಗೋಡೆಯ ಆಚೆಗೇ ನರ್ಸ್ ರಾಜಮ್ಮನವರ ಮನೆ. ಸೈಕಲ್ ಹತ್ತಿದೆ. ನಮ್ಮ ರಸ್ತೆಯುದ್ದಕ್ಕೂ ವಾಪಸ್ ಹೋಗಿ, ದೊಡ್ಡ ರಸ್ತೆ ಹಿಡಿದು, ಆ ಬಡಾವಣೆಯ ಬಾಯಿ ಹುಡುಕಿ, ಅಡ್ಡರಸ್ತೆಗಳಲ್ಲಿ ತಿರುಗಿ... ಮನೆಯಲ್ಲಿ ಅವಳೊಬ್ಬಳೇ ಎಂದು ನೆನಪಾದಾಗೆಲ್ಲ ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ರಾಜಮ್ಮನವರ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಹಿತ್ತಿಲಿಗೆ ಓಡಿದೆ. ಗೋಡೆಗೆ ಒತ್ತಿ ಒಂದು ಸ್ಟೂಲು. ಹತ್ತಿ ಇಣುಕಿದರೆ ನಮ್ಮ ಹಿತ್ತಿಲ ಬಚ್ಚಲ ಒಲೆಯ ಮುಂದೆ ಪುಟ್ಟಮ್ಮ!

"ಎಲ್ಲೋಗಿದ್ರಿ ಮೇಷ್ಟ್ರೇ? ಅಮ್ಮಾವ್ರು ಕೂಗಿದ್ದು ಕೇಳಿ ನರ್ಸಮ್ಮನ್ನ ಗೋಡೆ ಹಾರಿಸ್ಕೊಂಡ್ ಬಂದೆ. ಸೌದೆ ಎಲ್ಲೈತೆ? ಬನ್ನಿ ಬಿರ್ನೆ!"

ಪಂಚೆ ಎತ್ತಿ ಕಟ್ಟಿ ನನ್ನದೇ ಗೋಡೆ ಹಾರಿದೆ. ಮಂಡಿ ತರಚಿತು. ಸಂಜೆಯ ಹೊತ್ತಿಗೆ ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಕ್ಷೇಮ. ನಾನು ಬಚ್ಚಲಲ್ಲಿ ನಿಂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ರಾಜಮ್ಮ ಕೈ ತೊಳೆಯುತ್ತ, "ನಂಗೆ ವಯಸ್ಸಾಯ್ತು ಮೇಷ್ಟ್ರೇ, ಇನ್ನೊಂದ್ಸಲ ಹಾರೋಕಾಗಲ್ಲ," ಎಂದರು.

ಮಾರನೆಯ ಬೆಳಿಗ್ಗೆ ಹಾರೆ ತಂದು, ಮನೆಯ ಪಕ್ಕಕ್ಕೆ, ಆಚೆ ಬಡಾವಣೆಯ ರಸ್ತೆ ಬಂದು ಮುಟ್ಟುವ ಕಡೆ, ಒಂದು ಸೈಕಲ್ಲು, ಒಂದು ಹಸು ನುಸುಳುವಷ್ಟು ಗೋಡೆ ಕೆಡವಿದೆ. ಪುಟ್ಟಮ್ಮ ಕಲ್ಲು ಹೊತ್ತಳು. ಅಂದಿನಿಂದ ನಾನು ಜಗಲಿಯಲ್ಲಿ ಪೇಪರು ಪೂರ್ತಿ ಓದಿದ ದಿನವಿಲ್ಲ. ಹೋಗುವವರೆಲ್ಲ ಮಗುವನ್ನು ಎತ್ತಿ, ಕೆನ್ನೆ ಹಿಂಡಿ, ಎರಡು ಮಾತಾಡಿಯೇ ಮುಂದಕ್ಕೆ.

ಮಗಳಿಗೆ ನಾಲ್ಕು ವರ್ಷವಾದಾಗ ಕುಣಿಗಲ್ಲಿನಿಂದ ಬಂದ ನೆಂಟರು, "ನಿಮ್ಮನೆ ಯಾವ ರೋಡಲ್ಲಿದೆ ಮರಿ?" ಎಂದು ಕೇಳಿದರು. ಅವಳು ಎರಡೂ ಕೈಗಳನ್ನು ಎರಡು ಕಡೆಗೆ ಚಾಚಿ, "ಇದೂ ನಮ್ದೇ, ಅದೂ ನಮ್ದೇ," ಎಂದಳು.

ತಿದ್ದಲು ನನಗೆ ಮನಸ್ಸಾಗಲಿಲ್ಲ.