ಕಣ್ಣು ಬಿಡಿಸುವ ಕೆಲಸ

1997ರಲ್ಲಿ ನಾನು ಶಿವಾಜಿನಗರದ ಒಂದು ಓಣಿಯಲ್ಲಿ, ಫ್ರೇಮ್ ಕಟ್ಟುವ ಅಂಗಡಿಯ ಮಹಡಿಯ ಮೇಲೆ, ಪೋರ್ಟ್ರೇಟ್ ಕಲಾವಿದನಾಗಿ ಕೆಲಸ ಮಾಡುತ್ತಿದ್ದೆ. ಹಳೆಯ ಫ್ಯಾಮಿಲಿ ಫೋಟೋಗಳನ್ನು ನೋಡಿ ಆಯಿಲ್ ಪೇಂಟಿನಲ್ಲಿ ದೊಡ್ಡದಾಗಿ ಬರೆದುಕೊಡುವುದು ನನ್ನ ಕಸುಬು. ಬರುವವರಲ್ಲಿ ಹೆಚ್ಚಿನವರಿಗೆ ಸತ್ತವರ ಚಿತ್ರವೇ ಬೇಕಾಗಿರುತ್ತಿತ್ತು. ಕೆಲವರ ಬಳಿ ಬದುಕಿದ್ದಾಗಿನ ಫೋಟೋ ಒಂದೂ ಇರುತ್ತಿರಲಿಲ್ಲ. ಮಣ್ಣು ಮಾಡುವ ಮುಂಚೆ ಹೆಣವನ್ನು ಕೂರಿಸಿ ತೆಗೆಸಿದ್ದು ಮಾತ್ರ ಇರುತ್ತಿತ್ತು. ಅಂಥ ಫೋಟೋದ ಮುಚ್ಚಿದ ಕಣ್ಣುಗಳನ್ನು ತೆರೆದಂತೆ ಬರೆಯುವುದನ್ನು ನಾವು 'ಕಣ್ಣು ಬಿಡಿಸುವುದು' ಎನ್ನುತ್ತಿದ್ದೆವು. ಗಂಡಸರಿಗೊಂದು, ಹೆಂಗಸರಿಗೊಂದು, ಮಕ್ಕಳಿಗೊಂದು ಎಂದು ಕಣ್ಣಿನ ಅಳತೆಗಳು ಕೈಗೆ ರೂಢಿಯಾಗಿದ್ದವು. ಯಾರೂ ತಕರಾರು ಮಾಡುತ್ತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಯಾದಗಿರಿ ಕಡೆಯ ಸಾಬಣ್ಣ ಎಂಬಾತ ಮೆಟ್ಟಿಲು ಹತ್ತಿ ಬಂದ. ಕಗ್ಗದಾಸಪುರದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವನೂ ಹೆಂಡತಿ ಹಣಮವ್ವನೂ ಗಾರೆ ಕೆಲಸ ಮಾಡುತ್ತಿದ್ದರು. ಹತ್ತಿರದಲ್ಲೇ ಬಾಡಿಗೆಯ ಒಂದು ಕೋಣೆಯಲ್ಲಿ ವಾಸ. ಅವನು ತಂದ ಫೋಟೋದಲ್ಲಿ ಗಂಡ, ಹೆಂಡತಿ, ತಾಯಿಯ ತೊಡೆಯ ಮೇಲೆ ಆರು ವರ್ಷದ ಹುಡುಗಿ. ತಲೆ ವಾಲದಂತೆ ತಾಯಿ ಅವಳ ಗದ್ದವನ್ನು ಕೈಯಿಂದ ಎತ್ತಿ ಹಿಡಿದಿದ್ದಳು. ಮೂವರೂ ಒಟ್ಟಿಗಿದ್ದ ಫೋಟೋ ಅದೊಂದೇ.

"ನಮ್ಮ ದೇವಮ್ಮ ರೀ ಸಾಹೇಬ್ರ. ಆಕಿದಷ್ಟೇ ಬೇಕು. ಕಣ್ಣ ತೆರದಂಗ ಬರದು ಕೊಡ್ರಿ."

"ಮಗು ಕಣ್ಣು ಹೇಗಿದ್ವಪ್ಪ?"

"ನೆಟ್ಟಗಿದ್ವು ರೀ. ಎಲ್ಲಾರ ಹಂಗ."

ನಾನು ರೂಢಿಯಂತೆ ಬರೆದೆ. ಚಿತ್ರ ಒಯ್ಯಲು ಈ ಸಲ ಹಣಮವ್ವನೂ ಜೊತೆಗೆ ಬಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಯಾರ ಮಗಳು ರೀ ಈಕಿ?" ಎಂದಳು. "ನನ್ನ ದೇವಿ ಹಿಂಗ ನೋಡ್ತಿದ್ದಿಲ್ರಿ. ಆಕಿದು ಮೆಳ್ಳಗಣ್ಣು. ನನ್ನ ಮಾರಿ ನೋಡಿದ್ರ ಒಂದು ಕಣ್ಣು ಮೂಗಿನ ಕಡೆ ಹೋಗ್ತಿತ್ತು."

"ಹೇಳಬ್ಯಾಡ ಅಂದಿದ್ದಿಲ್ಲೇನು ನಿನಗ?" ಸಾಬಣ್ಣ ಗದರಿದ. ಆಮೇಲೆ ನನ್ನ ಕಡೆ ತಿರುಗಿದ. ಹುಡುಗಿ ಕಟ್ಟಡದ ನೀರಿನ ಸಂಪಿನಲ್ಲಿ ಬಿದ್ದು ಸತ್ತಿದ್ದಳೆಂಬುದು ನನಗೆ ಗೊತ್ತಾದದ್ದು ಆಗಲೇ.

"ಸಂಪಿಗೆ ಮುಚ್ಚಳ ಇದ್ದಿಲ್ರಿ ಸಾಹೇಬ್ರ. ಮೇಸ್ತ್ರಿ ಪೊಲೀಸರ ಮುಂದ ಏನಂದ ಗೊತ್ತೇನ್ರಿ? ಹುಡುಗಿ ಕಣ್ಣು ನೆಟ್ಟಗಿದ್ದಿಲ್ಲ, ಅದಕ್ಕ ಬಿದ್ದಾಳ ಅಂದ. ನೀವೂ ಹಂಗೇ ಬರದ್ರ ಅಂವ ಹೇಳಿದ್ದೇ ಖರೆ ಆಗ್ತದ."

"ಅದೇ ಸಂಪಿನಾಗ ಮೊದಲ ಒಂದು ನಾಯಿ ಬಿದ್ದು ಸತ್ತಿತ್ತಲ್ಲ," ಎಂದಳು ಹಣಮವ್ವ. "ಅದರ ಕಣ್ಣಿಗೇನಾಗಿತ್ತು?"

ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಟ್ಟ.

ನನಗೆ ಯಾರ ಮಾತು ನಡೆಸಬೇಕೋ ತಿಳಿಯಲಿಲ್ಲ. ಅವನ ಭಯ ಸುಳ್ಳಾಗಿರಲಿಲ್ಲ. ಮೆಳ್ಳಗಣ್ಣಿನ ಚಿತ್ರವನ್ನು ಗೋಡೆಯ ಮೇಲೆ ನೋಡಿದವರು ಯಾರಾದರೂ ಮೇಸ್ತ್ರಿಯ ಮಾತನ್ನೇ ಆಡಬಹುದಿತ್ತು. ಆದರೆ ಇಷ್ಟು ದೂರದಿಂದ ಬಂದ ತಾಯಿಗೆ ಯಾರದೋ ಮಗುವನ್ನು ಕೊಟ್ಟು ಕಳಿಸುವುದು ಹೇಗೆ? ಬ್ರಷ್ ಎತ್ತಿಕೊಂಡು, "ಯಾವ ಕಣ್ಣಮ್ಮ?" ಎಂದು ಕೇಳಿದೆ. ಅವಳು ತನ್ನ ಎಡಗಣ್ಣನ್ನು ಮುಟ್ಟಿ ತೋರಿಸಿದಳು. ಚಿತ್ರದ ಹುಡುಗಿಯ ಎಡಗಣ್ಣಿನ ಮೇಲೆ ಗುರುತು ಹಾಕತೊಡಗಿದೆ.

"ಆ ಕಣ್ಣಲ್ರೀ."

ಸಾಬಣ್ಣ ತಿರುಗಿ ನಿಂತಿದ್ದ. ಮಗಳನ್ನು ಎದುರಿಗೆ ಕೂರಿಸಿಕೊಂಡಂತೆ ನೆನೆಯುತ್ತ, ಕನ್ನಡಿಯಲ್ಲಿ ತೋರಿಸಿದ ಹಾಗೆ ಹಣಮವ್ವ ತೋರಿಸಿದ್ದಳು; ನಾನು ಎಡ-ಬಲ ತಪ್ಪಿದ್ದೆ. ಅವನು ಹತ್ತಿರ ಬಂದು, ಸಿಮೆಂಟಿಗೆ ಬಿರಿದ ಬೆರಳನ್ನು ಬಣ್ಣಕ್ಕೆ ತಾಗದಷ್ಟು ದೂರದಲ್ಲಿ ಹಿಡಿದ. "ಬಲಗಣ್ಣು. ಇಷ್ಟ ಒಳಗ ಹೋಗ್ತಿತ್ತು. ನಿದ್ದಿ ಬಂದಾಗ ಇನ್ನೂ ಜಾಸ್ತಿ." ಆಮೇಲೆ ಕೈ ಹಿಂದಕ್ಕೆ ತೆಗೆದ. "ಬರೀರಿ. ಅಂವ ಏನರ ಅನ್ನಲಿ," ಎಂದ.

ನಾನು ಬರೆಯುವಾಗ ಅವರಿಬ್ಬರೂ ನನ್ನ ಹಿಂದೆ ನಿಂತು ಆ ಕಣ್ಣನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸಲು ಹೇಳುತ್ತ ಹೋದರು. ಕೊನೆಗೆ ಇಬ್ಬರೂ ಒಟ್ಟಿಗೆ ಸುಮ್ಮನಾದರು. ಕೆಲಸ ಮುಗಿಯಿತೆಂದು ತಿಳಿದದ್ದು ಆ ಮೌನದಿಂದ.

ಬಣ್ಣ ಒಣಗಿದ ಮೇಲೆ ಚಿತ್ರವನ್ನು ನಾನೇ ಸ್ಕೂಟರಿನಲ್ಲಿ ಕಗ್ಗದಾಸಪುರಕ್ಕೆ ಒಯ್ದೆ. ಅವರು ಗಂಟು ಕಟ್ಟುತ್ತಿದ್ದರು. ಆ ಕಟ್ಟಡಕ್ಕೆ ಗಾರೆ ಹೊರಲು ಹಣಮವ್ವನಿಂದ ಆಗುತ್ತಿರಲಿಲ್ಲ, ಊರಿಗೆ ಹೊರಟಿದ್ದರು. ಸಾಬಣ್ಣ ಚಿತ್ರವನ್ನು ಗೋಡೆಗೆ ಒರಗಿಸಿ ಎದುರು ನಿಂತ. ನಿಂತವನು ಒಂದಿಷ್ಟು ಪಕ್ಕಕ್ಕೆ ಸರಿದು, ಬಗ್ಗಿ ನೋಡಿದ. ಮಗಳೊಡನೆ ಮಾತಾಡುವಾಗಲೂ ಹಾಗೆಯೇ ಸರಿದು ನಿಲ್ಲುತ್ತಿದ್ದನೇನೋ.

"ಕೇಸ್ ಏನಾಯ್ತಪ್ಪ?" ಎಂದು ಕೇಳಿದೆ.

"ಮುಗೀತ್ರಿ. ತಾನಾಗೇ ಬಿದ್ದಾಳ ಅಂತ ಬರಕೊಂಡ್ರು."

ಹೊರಡುವಾಗ ಆ ಕಟ್ಟಡದ ಕಡೆ ನೋಡಿದೆ; ಸಂಪಿಗೆ ಆಗ ಕಬ್ಬಿಣದ ಮುಚ್ಚಳ ಬಂದಿತ್ತು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಮುಂದೆ ಕಂಪ್ಯೂಟರ್ ಪ್ರಿಂಟ್ ಬಂದು ನಮ್ಮ ಕಸುಬು ಸತ್ತಿತು. ನಾನು ಜನರ ಹಳೆಯ ಕುಟುಂಬದ ಫೋಟೋಗಳನ್ನೇ ಆಧರಿಸಿ ಕ್ಯಾನ್ವಾಸ್‌ಗಳನ್ನು ಬರೆಯತೊಡಗಿದೆ. 2000ದ ದಶಕದಲ್ಲಿ ಇಂದಿರಾನಗರದ ಗ್ಯಾಲರಿಗಳಲ್ಲಿ ಅವು ಪ್ರದರ್ಶನವಾದವು, ಕಲಾವಿದನೆಂಬ ಹೆಸರೂ ಬಂತು. ದೇವಮ್ಮನ ಮುಖವನ್ನು ಮಾತ್ರ ಮತ್ತೆಲ್ಲೂ ಬರೆಯಲಿಲ್ಲ.

ಒಬ್ಬರು ಹೇಗೆ ಕಾಣುತ್ತಿದ್ದರು ಎಂಬುದನ್ನು ಫೋಟೋ ಹೇಳುತ್ತದೆ. ಹೇಗೆ ನೋಡುತ್ತಿದ್ದರು ಎಂಬುದನ್ನು ಅವರ ಜೊತೆ ಬಾಳಿದವರೇ ಹೇಳಬೇಕು. ಕೆಲಸ ನನಗೆ ಕಲಿಸಿದ್ದು ಇದನ್ನು. ದೇವಮ್ಮನ ಚಿತ್ರದ ನಂತರ, ಆ ಕಸುಬು ಇರುವವರೆಗೂ, ಫೋಟೋ ಹಿಡಿದು ಬಂದವರನ್ನೆಲ್ಲ, "ಇವರು ನಿಮ್ಮನ್ನ ಹೇಗೆ ನೋಡ್ತಿದ್ರು?" ಎಂದೇ ಮೊದಲು ಕೇಳುತ್ತಿದ್ದೆ. ಕೆಲವರು ತಟ್ಟನೆ ಹೇಳುತ್ತಿದ್ದರು. ಕೆಲವರು ನೆನಪಿಸಿಕೊಳ್ಳಲು ನೋಡಿ, ಆಗದೆ, ಫೋಟೋ ವಾಪಸ್ ತೆಗೆದುಕೊಂಡು, ನಾಳೆ ಬರುತ್ತೇನೆಂದು ಹೋಗಿ, ಬರುತ್ತಲೇ ಇರಲಿಲ್ಲ.