ಖಾಲಿ ಕ್ಯಾನ್ ಬಡಿಯುವ ನಿಯಾಜ್

ಮಾಲೀಕ ಎದುರಿಗೆ ನಿಂತಿಲ್ಲದೆ ಯಾರ ಬೀಗವನ್ನೂ ತೆಗೆಯುವುದಿಲ್ಲ ಎಂದು ನಿಯಾಜ್ ಅಹಮದ್ ತಮ್ಮ ಅಬ್ಬಾನಿಗೆ ಮಾತು ಕೊಟ್ಟದ್ದು ಹೊನ್ನಾಳಿಯಿಂದ ಚನ್ನಗಿರಿಗೆ ವಾಪಸಾಗುವ ಬಸ್ಸಿನಲ್ಲಿ. ಆಗ ಅವರಿಗೆ ಮೀಸೆ ಚಿಗುರಿದ ವಯಸ್ಸು. ಬೀಗದ ಕೆಲಸ ಕಲಿಯುತ್ತಿದ್ದರು. ಅವತ್ತು ಅಪ್ಪ ಮಗ ಇಬ್ಬರೂ ಹೊನ್ನಾಳಿಯ ವರ್ತಕರೊಬ್ಬರ ಮನೆಯ ತಿಜೋರಿ ರಿಪೇರಿ ಮಾಡಿದ್ದರು. ಮನೆಯ ಯಜಮಾನರು ತಿಜೋರಿಯ ನಂಬರ್ ತಿರುಗಿಸುವಾಗ ಅಬ್ಬಾ ಗೋಡೆಯ ಕಡೆ ಮುಖ ಮಾಡಿ ನಿಂತರು. ಮಗ ಕಣ್ಣು ಕೀಳದೆ ನೋಡುತ್ತಿದ್ದ. ಬಸ್ಸು ಊರು ದಾಟಿತು. ಆಮೇಲೆ ಅಬ್ಬಾ ಸಾಮಾನಿನ ಚೀಲವನ್ನು ಮಗನ ತೊಡೆಯ ಮೇಲಿಟ್ಟು, ಇದರ ಮೇಲೆ ಕೈಯಿಟ್ಟು ಹೇಳು ಅಂದರು. ಮಗ ಹೇಳಿದ.

ಆ ಮಗನ ಗಡ್ಡ ಈಗ ಬೆಳ್ಳಗಾಗಿದೆ. ಸೂಳೆಕೆರೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಬಿಳಚಿ ಕಡೆಯ ದಂಡೆಯಲ್ಲಿ, ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತ ನಿಯಾಜ್, ಹಳೇ ಲುಂಗಿಯ ಚೂರಿನಿಂದ ಕೆಂಪು ಜೆಟ್ ಸ್ಕೀಯ ಇಬ್ಬನಿ ಒರೆಸುತ್ತಿದ್ದಾರೆ. ಊರವರ ಬಾಯಲ್ಲಿ ಅದು ನೀರಿನ ಬೈಕು. ಸೀಟು, ಹ್ಯಾಂಡಲ್ ಒರೆಸಿದ ಮೇಲೆ ಬಟ್ಟೆಯ ಒಣಗಿದ ತುದಿಯನ್ನು ಹುಡುಕಿ, ಹ್ಯಾಂಡಲಿನ ನಡುವೆ ಅಂಗೈಯಗಲ ಇರುವ ಪರದೆಯನ್ನು ಒರೆಸುತ್ತಾರೆ, ನಿದ್ದೆಯಲ್ಲಿರುವ ಮಗುವಿನ ಮೂಗು ಒರೆಸಿದ ಹಾಗೆ. ಗುಂಡಿ ಒತ್ತಿದರೆ ಪರದೆ ಬೆಳಗುತ್ತದೆ. ಅದರಲ್ಲೊಂದು ಪುಟ್ಟ ಬೀಗದ ಚಿತ್ರ, ಕೆಳಗೆ ನಾಲ್ಕು ಸೊನ್ನೆ. ಸರಿಯಾದ ನಂಬರ್ ಕೂರಿಸುವವರೆಗೆ ಎಂಜಿನ್ ಉಸಿರೆತ್ತುವುದಿಲ್ಲ. ಒಮ್ಮೆ ಕೂರಿಸಿದ ಮೇಲೆ ಸಂಜೆವರೆಗೂ ಆಗಾಗ ಗುಂಡಿ ಮುಟ್ಟಿ ಪರದೆ ಆರದಂತೆ ನೋಡಿಕೊಳ್ಳುವುದು ನಿಯಾಜ್ ಕೆಲಸ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಮಹೇಶ್ವರಪ್ಪ ಬರುತ್ತಾರೆ. ಜೆಟ್ ಸ್ಕೀಯೂ, ಪಕ್ಕದಲ್ಲಿ ಕಟ್ಟಿದ ಎರಡು ಪೆಡಲ್ ದೋಣಿಗಳೂ ಅವರವು. ಮೂಲ ಕಸುಬು ಅಡಿಕೆ ವ್ಯಾಪಾರ. ಅವರು ಪರದೆಯ ಮೇಲೆ ಬಗ್ಗುತ್ತಿದ್ದಂತೆ ನಿಯಾಜ್ ಎದ್ದು ಹತ್ತು ಮಾರು ಆಚೆ ಹೋಗುತ್ತಾರೆ, ಕೆರೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಒಂದು ಖಾಲಿ ಪೆಟ್ರೋಲ್ ಕ್ಯಾನನ್ನು ಎತ್ತಿಕೊಂಡು ಸ್ಪ್ಯಾನರಿನಿಂದ ಢಣಢಣ ಬಡಿಯತೊಡಗುತ್ತಾರೆ. ದಂಡೆಯ ಕೊಕ್ಕರೆಗಳು ಹಾರಿಹೋಗುತ್ತವೆ. ಮಹೇಶ್ವರಪ್ಪ, “ಸಾಕು ಬಿಡೋ ಮಾರಾಯ, ಊರೆಲ್ಲ ಏಳ್ತದೆ” ಅಂದ ಮೇಲೇ ಬಡಿತ ನಿಲ್ಲುವುದು.

ಇದೇನು ಪದ್ಧತಿ ಎಂದು ಕೇಳಿದರೆ ನಿಯಾಜ್ ನಗುತ್ತಾರೆ. “ಹೇಳ್ತೀನಿ ಇರ್ರಿ ಮೇಡಮ್. ಮೊದಲು ಬಂಡಿ ನೋಡಾನ.”

ಬಂಡಿ ನೋಡುವುದೆಂದರೆ ಪರದೆ ಓದುವುದು. ಪೆಟ್ರೋಲಿನ ಗೆರೆಗಳು, ಎಂಜಿನ್ ಇಲ್ಲಿಯವರೆಗೆ ದುಡಿದ ಗಂಟೆಗಳು, ವೇಗದ ಅಂಕಿ. ಎಂಜಿನ್ ಕಾಯ್ದರೆ ಒಂದು ಗುರುತು ಮಿನುಗಿ ಪೀಪಿ ಊದುತ್ತದೆ. ಈ ಯಂತ್ರ ಹೊಟ್ಟೆಯಡಿಯಿಂದ ನೀರನ್ನು ಹೀರಿ ಹಿಂದಕ್ಕೆ ಚಿಮ್ಮುತ್ತಾ ಓಡುವುದರಿಂದ ಜೊಂಡೋ ಬಲೆಯೋ ಸಿಕ್ಕಿಕೊಂಡರೆ ಮೊದಲು ಗೊತ್ತಾಗುವುದೇ ಆ ಗುರುತಿನಿಂದ. ಹೊಸಬರು ಹತ್ತುವ ಮೊದಲು ನಿಯಾಜ್ ಅದನ್ನು ನಿಧಾನದ ಓಟಕ್ಕೆ ಇಳಿಸುತ್ತಾರೆ. ಆಗ ಎಷ್ಟು ಹಿಂಡಿದರೂ ಅದು ಎಮ್ಮೆಯ ಹಾಗೆ ತನ್ನ ಪಾಡಿಗೆ ತಾನು ಹೋಗುತ್ತದೆ.

ಇನ್ನೊಂದು ಇದೆ, ಸುರುಳಿ ಸುತ್ತಿದ ಕೆಂಪು ದಾರ. ಒಂದು ತುದಿ ಓಡಿಸುವವರ ಮಣಿಕಟ್ಟಿಗೆ, ಇನ್ನೊಂದು ತುದಿಯ ಕ್ಲಿಪ್ಪು ಯಂತ್ರಕ್ಕೆ. ಬಿದ್ದರೆ ಕ್ಲಿಪ್ಪು ಕಿತ್ತು ಎಂಜಿನ್ ಅಲ್ಲೇ ನಿಲ್ಲುತ್ತದೆ. ರಜಾ ದಿನ ಬರುವವರಿಗೆ ಅದನ್ನು ಕಟ್ಟಿಕೊಳ್ಳಲು ನಾಚಿಕೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ನಿಯಾಜ್ ವಾದ ಮಾಡುವುದಿಲ್ಲ. ದಾರ ಕಟ್ಟದಿದ್ದರೆ ಬಂಡಿ ಚಾಲೂ ಆಗುವುದೇ ಇಲ್ಲ, ಹಂಗೇ ಮಾಡಿ ಕಳಿಸ್ಯಾರೆ ಎನ್ನುತ್ತಾರೆ. ಅದು ಅರ್ಧ ಸತ್ಯ. ಕ್ಲಿಪ್ಪು ಯಂತ್ರದಲ್ಲಿದ್ದರೆ ಸಾಕು, ಮಣಿಕಟ್ಟನ್ನು ಯಂತ್ರ ಕೇಳುವುದಿಲ್ಲ. “ಅದಷ್ಟೇ ನಾನು ಹೇಳೋ ಸುಳ್ಳು” ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಚನ್ನಗಿರಿಯಲ್ಲಿ ಅಬ್ಬಾನ ಅಂಗಡಿ ಎಂದರೆ ಒಂದು ದೊಡ್ಡ ಛತ್ರಿ, ಅದರ ಕೆಳಗೊಂದು ತಗಡಿನ ಪೆಟ್ಟಿಗೆ, ಕಬ್ಬಿಣದ ಬಳೆಗೆ ಪೋಣಿಸಿದ ನೂರಾರು ಕೀಲಿಕೈ. ಸಂತೆ ದಿನ ನ್ಯಾಮತಿ, ಕರೆ ಬಂದರೆ ಜಗಳೂರಿನವರೆಗೂ ಓಡಾಟ. ಯಾವ ಊರಲ್ಲಿ ಕಳ್ಳತನವಾದರೂ ಜನ ಮೊದಲು ನೆನೆಯುವುದು ಬೀಗದವನನ್ನು. ಒಮ್ಮೆ ನ್ಯಾಮತಿ ಕಡೆಯ ಒಂದು ಮನೆಯಲ್ಲಿ ಒಡವೆ ಕಾಣದಾದಾಗ ನಾಲ್ಕಾರು ಜನ ಅಬ್ಬಾನ ಪೆಟ್ಟಿಗೆಯನ್ನು ರಸ್ತೆಗೆ ಸುರಿದು ನೋಡಿದ್ದರು. ಒಡವೆ ಆಮೇಲೆ ಆ ಮನೆಯ ಅಕ್ಕಿ ಡಬ್ಬದಲ್ಲೇ ಸಿಕ್ಕಿತು. ತಪ್ಪಾಯಿತು ಎಂದು ಹೇಳಿ ಹೋಗಲು ಯಾರೂ ಬರಲಿಲ್ಲ. ಬೀಗದವನಿಗೆ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಅವನನ್ನು ಕಾಯುವುದು ಎಂದು ಅಬ್ಬಾ ಮಗನಿಗೆ ಹೇಳುತ್ತಿದ್ದರಂತೆ.

ಅಬ್ಬಾ ತೀರಿಕೊಂಡ ಮೇಲೆ ಛತ್ರಿಯ ಕೆಳಗೆ ನಿಯಾಜ್ ಕೂತರು. ಕೀಲಿ ಕೊರೆಯುವ ಯಂತ್ರಗಳು ಬಂದವು, ಕೆಲಸ ತೆಳುವಾಯಿತು. ಪಂಪ್‌ಸೆಟ್ಟು, ಸ್ಕೂಟರು ಬಿಚ್ಚಿ ಕಲಿತರು. ಮಹೇಶ್ವರಪ್ಪನವರ ತೋಟದ ಪಂಪು ರಿಪೇರಿಗೆಂದು ಹೋಗಿದ್ದವರನ್ನು ಅವರೇ ಕೆರೆಗೆ ಕರೆತಂದರು. ಮೊದಲ ವರ್ಷ ನೀರಿನ ಬೈಕಿಗೆ ನಂಬರಿನ ಕಾವಲು ಇರಲಿಲ್ಲ. ಒಂದು ಸಂಜೆ ಮಹೇಶ್ವರಪ್ಪನವರ ನೆಂಟರ ಹುಡುಗರು ಹೇಳದೆ ಕೇಳದೆ ಏರಿ ಹೋಗಿ ಕೆರೆಯ ಮೆಟ್ಟಿಲಿಗೆ ಗುದ್ದಿದರು. ಮರುದಿನವೇ ಬೀಗದ ನಂಬರ್ ಬಿತ್ತು.

ನಂಬರ್ ಹಾಕಿದ ದಿನ ಮಹೇಶ್ವರಪ್ಪ ಅದನ್ನು ನಿಯಾಜ್ ಅವರಿಗೆ ಹೇಳಲು ಬಾಯಿ ತೆರೆದರೆ ನಿಯಾಜ್ ಕೈ ಅಡ್ಡ ಹಿಡಿದರಂತೆ. “ಎಂಥ ಮನುಷ್ಯರೀ ಇವರು” ಎಂದು ಮಹೇಶ್ವರಪ್ಪ ಇಂದಿಗೂ ಆಡಿಕೊಳ್ಳುತ್ತಾರೆ. “ನನ್ನ ಬಂಡಿ, ನನ್ನ ನಂಬರು, ನಾನೇ ಕೊಡ್ತೀನಂದ್ರೆ ಬ್ಯಾಡ ಅಂತಾರೆ. ದಿನಾ ಬೆಳಗ್ಗೆ ನಾನೇ ಎದ್ದು ಬರಬೇಕು. ಯಜಮಾನ ನಾನೋ ಅವರೋ?” ನಿಯಾಜ್ ಅವರ ಹೆಂಡತಿ ಮಜೀದಾ ಅವರದೂ ಅದೇ ದೂರು. ಮನೆಯ ಬೀರುವಿನ ಕೀಲಿ ಎಲ್ಲಿದೆ ಎಂದು ಇವರಿಗೆ ಈವರೆಗೂ ತಿಳಿದಿಲ್ಲವಂತೆ. ಹುಡುಕಿಕೊಡಿ ಎಂದರೆ, ನಿಮ್ಮ ಬೀರು, ನೀವೇ ನೋಡ್ಕೊಳ್ರಿ ಎನ್ನುತ್ತಾರಂತೆ.

ಹೀಗೆ ಸಾವ್ಕಾರ ಮಹೇಶ್ವರಪ್ಪ ಬಾರದ ದಿನ ಜೆಟ್ ಸ್ಕೀ ಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಬಂದ ದಿನ ಅವರು ನಂಬರ್ ಒತ್ತುವಾಗ ನಿಯಾಜ್ ಪಕ್ಕದಲ್ಲೇ ನಿಂತು ಮುಖವನ್ನು ಮಾತ್ರ ಕೆರೆಯ ಕಡೆ ತಿರುಗಿಸುತ್ತಿದ್ದರು. ತಪ್ಪಾದದ್ದು ಅಲ್ಲೇ. ಆ ಪರದೆಯಲ್ಲಿ ಅಂಕಿ ಏರಿಸಲು ಬಾಣದ ಗುಂಡಿಯನ್ನು ಒಂದೊಂದೇ ಸಲ ಒತ್ತಬೇಕು. ಒತ್ತಿದಾಗಲೆಲ್ಲ ಟಿಕ್ ಎನ್ನುತ್ತದೆ. ಅಂಕಿ ಕೂತಾಗ ಉದ್ದಕ್ಕೊಂದು ಪೀಂ. ಬೀಗದೊಳಗಿನ ಸದ್ದು ಕೇಳಿಯೇ ಬದುಕಿದ ಕಿವಿ ಅದು.

“ಮುಖ ತಿರುಗಿಸಿದೆ ಮೇಡಮ್. ಕಿವಿ ಎಲ್ಲಿಗೆ ತಿರುಗಿಸಲಿ? ಒಂದು ವಾರಕ್ಕೆಲ್ಲ ನಂಬರ್ ತಲೇಲಿ ಕೂತುಬಿಡ್ತು. ಮರೆಯಾಕೆ ನೋಡಿದೆ. ನಮಾಜಿಗೆ ನಿಂತ್ರೂ ಟಿಕ್ ಟಿಕ್ ಅನ್ನೋದು.”

ಯಾರಿಗೂ ಹೇಳಲಿಲ್ಲ. ಗೊತ್ತಿದೆ ಎಂದರೆ ಕದ್ದು ಕೇಳಿದಂತಾಗುತ್ತದೆ, ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದದ್ದು ಕೈಗೆ ಇಳಿಯದಿದ್ದರೆ ಕೊಟ್ಟ ಮಾತು ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಎರಡು ವರ್ಷ ಹಾಗೇ ಕಳೆಯಿತು.

ಹೋದ ಆಷಾಢದ ಒಂದು ಮಧ್ಯಾಹ್ನ. ಮಹೇಶ್ವರಪ್ಪ ನೆಂಟರ ಮನೆಯ ಶಿವಗಣಾರಾಧನೆಗೆಂದು ಜಗಳೂರಿಗೆ ಹೋಗಿದ್ದಾರೆ. ನಿಯಾಜ್ ದೋಣಿಗಳಿಗೆ ಹಗ್ಗ ಬಿಗಿಯುತ್ತಿದ್ದಾರೆ. ಗಾಳಿ ಜೋರು, ಕೆರೆ ಬೆಳ್ಳಗೆ ನೊರೆಯೆದ್ದಿದೆ. ದಂಡೆಯಲ್ಲಿ ಮೀನು ಮಾರುವ ತಿಪ್ಪಮ್ಮ ಓಡಿಬಂದು ದೂರಕ್ಕೆ ಕೈ ತೋರಿಸಿದರು. ಅವರ ಗಂಡ ಓಬಳೇಶ್ ಬಲೆ ಎಳೆಯಲು ಹೋಗಿದ್ದ ಹರಿಗೋಲು ಮಗುಚಿತ್ತು. ಬೋರಲು ಬಿದ್ದ ಬುಟ್ಟಿಯಂತೆ ಅದು ಕಾಣುತ್ತಿತ್ತು. ಅಂಚಿಗೊಂದು ತಲೆ, ಒಮ್ಮೆ ಇದೆ, ಒಮ್ಮೆ ಇಲ್ಲ.

ಆ ಗಾಳಿಗೆ ಪೆಡಲ್ ದೋಣಿ ಕೆಲಸಕ್ಕೆ ಬಾರದು. ಬೇರೆ ಹರಿಗೋಲುಗಳು ಆಚೆ ದಡದಲ್ಲಿ. ನಿಯಾಜ್ ಮಹೇಶ್ವರಪ್ಪನವರಿಗೆ ಫೋನ್ ಮಾಡಿದರು. ಮತ್ತೆ ಮಾಡಿದರು. ಪೂಜೆಯ ಮನೆಯೆಂದು ಅವರು ಫೋನನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದರು. ರಿಂಗಾಗಿ ರಿಂಗಾಗಿ ನಿಂತಿತು. ತಿಪ್ಪಮ್ಮ ನೀರಿನ ಬೈಕನ್ನೂ ಇವರ ಮುಖವನ್ನೂ ನೋಡುತ್ತಾ ನಿಂತಿದ್ದರು.

“ಆಕಿ ಒಂದೇ ಕೇಳಿದ್ಲು. ನಿಯಾಜಣ್ಣ, ನಿನಗೆ ನಂಬರ್ ಬರಾಕಿಲ್ಲೇನು ಅಂತ. ನನಗೆ ಬರ್ತದೆ ಅಂದೆ. ಎರಡು ವರ್ಷದಾಗೆ ಮೊದಲ್ನೇ ಸಲ ಬಾಯಿಂದ ಬಂತು ಅದು.”

ಮೊದಲ ಸಲ ಒಂದು ಟಿಕ್ ಹೆಚ್ಚಾಯಿತು, ಪರದೆ ತಪ್ಪು ಅಂದಿತು. ಮೂರು ಸಲ ತಪ್ಪಿದರೆ ಅದು ಬಹಳ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲ. ನಿಯಾಜ್ ಕಣ್ಣು ಮುಚ್ಚಿಕೊಂಡು, ಸಾವ್ಕಾರರು ಪಕ್ಕದಲ್ಲಿ ನಿಂತು ಒತ್ತುವ ಸದ್ದನ್ನು ನೆನೆಯುತ್ತಾ ಹಾಗೆಯೇ ಒತ್ತಿದರು. ಬೀಗದ ಚಿತ್ರ ಮಾಯವಾಯಿತು.

ಓಬಳೇಶ್ ಅವರ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಹತ್ತಿರ ಹೋದರೆ ಯಂತ್ರ ಬಲೆಯನ್ನು ಹೀರುತ್ತದೆ, ಬಲೆಯ ಜೊತೆ ಮನುಷ್ಯನನ್ನೂ ಎಳೆಯುತ್ತದೆ. ನಿಯಾಜ್ ದೂರದಲ್ಲೇ ಕೆಂಪು ದಾರ ಎಳೆದು ಎಂಜಿನ್ ನಿಲ್ಲಿಸಿದರು, ಹಗ್ಗ ಎಸೆದರು, ಓಬಳೇಶ್ ಅದನ್ನು ಹಿಡಿದ ಮೇಲೆ ನೀರಿಗಿಳಿದು ಬಲೆಯನ್ನು ಚಾಕುವಿನಿಂದ ಕೊಯ್ದರು. ಅವರನ್ನು ಸೀಟಿನ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಪರದೆ ಕತ್ತಲಾಗಿತ್ತು. ಪರದೆ ಆರಿದರೆ ಬೀಗ ತಾನಾಗಿ ಬೀಳುತ್ತದೆ. ಕೆರೆಯ ನಡುವೆ ಮತ್ತೆ ಅದೇ ನಾಲ್ಕು ಸೊನ್ನೆ.

“ಒಂದು ಸಲ ಅಲ್ಲ, ಎರಡು ಸಲ ತೆಗೆದೆ” ಎನ್ನುತ್ತಾರೆ ನಿಯಾಜ್. ಕೆಂಪು ದಾರವನ್ನು ಸುತ್ತಿಡುತ್ತಾ ಸೇರಿಸುತ್ತಾರೆ: “ಎರಡನೇ ಸಲ ಒಂದು ಟಿಕ್ಕೂ ತಪ್ಪಲಿಲ್ಲ. ನನಗೆ ಹೆದರಿಕೆ ಆಗಿದ್ದು ಅದಕ್ಕೆ.”

ಸಂಜೆ ಮಹೇಶ್ವರಪ್ಪ ಜಗಳೂರಿನಿಂದ ಓಡೋಡಿ ಬಂದಾಗ ನಿಯಾಜ್ ಮೊದಲು ಹೇಳಿದ್ದು ಓಬಳೇಶ್ ಅವರ ಸುದ್ದಿಯನ್ನಲ್ಲ, ನಂಬರಿನ ಸುದ್ದಿಯನ್ನು. ಎರಡು ವರ್ಷದಿಂದ ಗೊತ್ತಿತ್ತು, ಇವತ್ತು ತೆಗೆದೆ, ದಯವಿಟ್ಟು ಬದಲಾಯಿಸಿ, ಇಲ್ಲವೇ ನನ್ನನ್ನು ಕೆಲಸದಿಂದ ಬಿಡಿಸಿ ಎಂದರು. ಮಹೇಶ್ವರಪ್ಪ ನಕ್ಕರು, ಬೈದರು, ಕೊನೆಗೆ ಪಕ್ಕದಲ್ಲಿ ಕೂತುಕೊಂಡರು. ನಾಳೆ ಇನ್ನೊಬ್ಬರು ಮುಳುಗಿದರೆ ಏನು ಮಾಡೋದು, ನಂಬರ್ ಇಲ್ಲಿ ಯಾರಿಗಾದರೂ ಗೊತ್ತಿರಲೇಬೇಕಲ್ಲ ಎಂದು ಕೇಳಿದರು. ಉತ್ತರ ಕೊಟ್ಟದ್ದು ತಿಪ್ಪಮ್ಮ, ನನಗೆ ಹೇಳಿ ಅಂದರು. ಅವರು ಬೆಳಗಿನಿಂದ ಸಂಜೆವರೆಗೆ ದಂಡೆಯಲ್ಲೇ ಇರುವವರು. ಮಹೇಶ್ವರಪ್ಪ ಹೊಸ ನಂಬರನ್ನು ತಿಪ್ಪಮ್ಮನವರ ಕಿವಿಯಲ್ಲಿ ಹೇಳಿದ್ದಾರೆ. ಅವಸರ ಬಿದ್ದರೆ ಮಾಲೀಕರ ಪರವಾಗಿ ಅವರು ಬಂದು ಒತ್ತಬೇಕು, ಓಡಿಸುವುದು ನಿಯಾಜ್. ಮರೆಯದಿರಲಿ ಎಂದು ತಿಪ್ಪಮ್ಮ ಆಗಾಗ ಒತ್ತಿ ನೋಡುತ್ತಾರೆ.

“ಮೀನು ಹಿಡಿದ ಕೈ, ಪರದೆ ವಾಸನೆ ಹೊಡೀತದೆ ಅಂತ ಬೈತಾನೆ ಈ ಅಣ್ಣ” ಎಂದು ತಿಪ್ಪಮ್ಮ ಬುಟ್ಟಿಯ ಹಿಂದಿನಿಂದ ಛೇಡಿಸುತ್ತಾರೆ. “ಮತ್ತೆ ನಾನು ಒತ್ತುವಾಗಲೂ ಡಬ್ಬ ಬಡಿತಾನೆ. ನನ್ನ ಗಂಡನ್ನ ಉಳಿಸಿದೋನು ಅಂತ ಸುಮ್ನಿದೀನಿ.”

ಕ್ಯಾನ್ ಬಡಿಯುವುದು ಶುರುವಾದದ್ದು ಹೀಗೆ. ಮುಖ ತಿರುಗಿಸಿದರೆ ಸಾಲದು ಎಂದು ಗೊತ್ತಾದ ಮೇಲೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನಿಯಾಜ್ ಪರದೆಯ ಮೇಲೆ ಹೊಸದಾಗಿ ಬಿದ್ದ ಹನಿಗಳನ್ನು ಒರೆಸುತ್ತಾರೆ. ಈ ಟಿಕ್ ಸದ್ದನ್ನು ಬಂದ್ ಮಾಡುವ ದಾರಿ ಯಂತ್ರದ ಒಳಗೇ ಇರಬೇಕು, ಕಂಪನಿಯವರು ಬಂದಾಗ ಕೇಳಬೇಕು, ಅಷ್ಟೇ ಎನ್ನುತ್ತಾರೆ. ಓಬಳೇಶ್ ದಡ ಸೇರಿದ ವಾರದ ಶುಕ್ರವಾರ ಅವರು ಚನ್ನಗಿರಿಗೆ ಹೋಗಿ, ಅಬ್ಬಾನ ಗೋರಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ ಬಂದಿದ್ದಾರೆ.

“ಎರಡು ಸಲ ಅನ್ನೋದನ್ನೂ ಹೇಳಿದೆ. ಮುಚ್ಚಿಡಲಿಲ್ಲ.”

ಮಾಲೀಕ ಎದುರಿಗಿಲ್ಲದೆ ಬೀಗ ತೆಗೆಯುವುದಿಲ್ಲ ಎಂದು ಹೊನ್ನಾಳಿ ಬಸ್ಸಿನಲ್ಲಿ ಕೊಟ್ಟ ಮಾತು ಆ ಮಧ್ಯಾಹ್ನ ಸೂಳೆಕೆರೆಯಲ್ಲಿ ಮುರಿಯಿತು. ಓಬಳೇಶ್ ಬದುಕಿದ್ದಾರೆ.